ಒಂದೇ ನಾಬಿನ ಮೈಕ್ರೊವೇವ್: ಕೊಳ್ಳುವಾಗ ನೋಡಬೇಕಾದ್ದು, ಕೊಂಡ ಮೇಲೆ ಮಾಡಬೇಕಾದ್ದು

ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ ಅಂಗಡಿಗೆ ಹೋಗಿ ಮೈಕ್ರೊವೇವ್ ಕೇಳಿದರೆ ಮೊದಲು ತೋರಿಸುವುದು ಗ್ರಿಲ್, ಕನ್ವೆಕ್ಷನ್, ನೂರಾರು ಆಟೊ ಮೆನು ಇರುವ ಮನೆಯ ಮಾದರಿ. ಆ ಮೆನುವಿನಲ್ಲಿ ಪಿಜ್ಜಾ ಇರುತ್ತದೆ, ಪಾಸ್ತಾ ಇರುತ್ತದೆ, ಝುಣಕ ಇರುವುದಿಲ್ಲ. ಖಾನಾವಳಿ, ಬೇಕರಿ, ಚಾದಂಗಡಿಗಳಿಗೆ ಮತ್ತು ಬಿಸಿ ಮಾಡಲು ಒಂದು ಪೆಟ್ಟಿಗೆ ಇದ್ದರೆ ಸಾಕು ಎನ್ನುವ ಮನೆಗಳಿಗೆ ಹೋಟೆಲ್ ಮಾದರಿಯೇ ಸರಿ: ಒಳಗೂ ಹೊರಗೂ ಸ್ಟೀಲು, ಒಂದು ಟೈಮರ್ ನಾಬು, ತಿರುಗುವ ಗಾಜಿನ ತಟ್ಟೆಯಿಲ್ಲದ ಸಪಾಟು ತಳ. ಇದು ಎಷ್ಟು ವರ್ಷ ಬಾಳುತ್ತದೆ ಎನ್ನುವುದನ್ನು ಪೆಟ್ಟಿಗೆಗಿಂತ ಹೆಚ್ಚಾಗಿ ಅದರ ಹಿಂದಿನ ಪ್ಲಗ್ಗು, ಕೆಳಗಿನ ಗಾಳಿ ಜಾಳಿಗೆ ಮತ್ತು ಒಳಗಿಡುವ ಪಾತ್ರೆ ತೀರ್ಮಾನಿಸುತ್ತವೆ.

ಅಂದಹಾಗೆ ಈ ಯಂತ್ರ ಹುಟ್ಟಿದ್ದೇ ಹೋಟೆಲಿಗಾಗಿ. 1947ರಲ್ಲಿ ರೇಥಿಯಾನ್ ಕಂಪನಿ ತಂದ ಮೊದಲ ಓವನ್ ಸುಮಾರು 340 ಕಿಲೊ ತೂಗುತ್ತಿತ್ತು. ಮನೆಯ ಕಟ್ಟೆಯ ಮೇಲೆ ಕೂರುವಂಥದ್ದು ಅಮೆರಿಕದಲ್ಲಿ ಜನಪ್ರಿಯವಾದದ್ದು 1967ರ ನಂತರ.

ಕೊಳ್ಳುವಾಗ

ಹಿಂಬದಿಯ ಫಲಕದಲ್ಲಿ ಎರಡು ವ್ಯಾಟ್ ಅಂಕಿಗಳಿರುತ್ತವೆ. 1000 ಎಂದಿರುವುದು ಊಟಕ್ಕೆ ತಲುಪುವ ಶಕ್ತಿ. 1500 ಅಥವಾ 1600 ಎಂದಿರುವುದು ಗೋಡೆಯ ಪ್ಲಗ್ಗಿನಿಂದ ಎಳೆಯುವ ಕರೆಂಟು. ಅಂಗಡಿಯವರು ದೊಡ್ಡ ಅಂಕಿಯನ್ನು ಹೇಳಿ ಮಾರುವುದುಂಟು. ನೀವು ಮೊದಲಿನದನ್ನು ಕೇಳಿ. ಮನೆಗೆ, ಚಾದಂಗಡಿಗೆ, ಮಧ್ಯಾಹ್ನ ಇಪ್ಪತ್ತು ಮೂವತ್ತು ತಾಟು ಬಿಸಿ ಮಾಡುವ ಖಾನಾವಳಿಗೆ 1000 ವ್ಯಾಟ್ ಸಾಕು. 1800 ವ್ಯಾಟ್ ದಾಟಿದವುಗಳಲ್ಲಿ ಸಾಮಾನ್ಯವಾಗಿ ಎರಡು ಮ್ಯಾಗ್ನೆಟ್ರಾನ್ (ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಭಾಗ) ಇರುತ್ತವೆ, 3000 ವ್ಯಾಟಿನ ಹತ್ತಿರ ಎಳೆಯುತ್ತವೆ. ಬಿಡುವಿಲ್ಲದೆ ಗಿರಾಕಿ ಬರುವ ಕಡೆ ಬಿಟ್ಟರೆ ಅದರ ಗೊಡವೆ ಬೇಡ.

ಒಳಗಿನ ಅಗಲ ಅಳೆಯುವಾಗ ಲೀಟರ್ ಲೆಕ್ಕ ನಂಬಬೇಡಿ. ನೀವು ದಿನಾ ಬಳಸುವ ಪಿಂಗಾಣಿ ತಟ್ಟೆಯನ್ನೇ ಒಯ್ದು ಒಳಗಿಟ್ಟು ಬಾಗಿಲು ಹಾಕಿ ನೋಡಿ. ಸಪಾಟು ತಳದ ಓವನಿನಲ್ಲಿ ತಳದ ಕೆಳಗೋ ಮಾಳಿಗೆಯ ಮೇಲೋ ಒಂದು ಲೋಹದ ರೆಕ್ಕೆ ತಿರುಗಿ ಅಲೆಗಳನ್ನು ಹರಡುತ್ತದೆ. ಹಾಗಾಗಿ ಚೌಕದ ಡಬ್ಬಿಯೂ ಮೂಲೆ ತಾಗದೆ ಕೂರುತ್ತದೆ, ಒಡೆಯಲು ಗಾಜಿನ ತಟ್ಟೆಯೂ ಇಲ್ಲ.

ಟಚ್ ಫಲಕಕ್ಕಿಂತ ನಾಬು ಏಕೆ ಮೇಲು ಎಂದರೆ, ಬೆಚ್ಚಗಿರುವ ಜಾಗ ಹುಡುಕಿ ಜಿರಳೆ ಒಳಹೊಕ್ಕು ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಓಡಾಡಿದರೆ ಬೋರ್ಡು ಶಾರ್ಟ್ ಆಗುತ್ತದೆ. ನಾಬಿನ ಟೈಮರಿನಲ್ಲಿ ಆ ಬೋರ್ಡೇ ಇಲ್ಲ. ಎಣ್ಣೆಗೈಯಿಂದ ಮುಟ್ಟಿದರೂ ಅದಕ್ಕೇನೂ ಆಗುವುದಿಲ್ಲ.

ವಾರಂಟಿ ಕಾಗದವನ್ನು ದುಡ್ಡು ಕೊಡುವ ಮೊದಲೇ ಓದಿ. ಮನೆ ಮಾದರಿಯನ್ನು ಅಂಗಡಿಯಲ್ಲಿಟ್ಟರೆ ಹಲವು ಕಂಪನಿಗಳು ವಾರಂಟಿ ಕೊಡುವುದಿಲ್ಲ. ಹೋಟೆಲ್ ಮಾದರಿಯನ್ನು ಮನೆಯಲ್ಲಿಟ್ಟರೂ ಕೆಲವರು ತಕರಾರು ತೆಗೆಯುತ್ತಾರೆ. ರಿಪೇರಿಯವರು ನಿಮ್ಮ ಊರಿಗೆ ಬರುತ್ತಾರೋ, ಓವನನ್ನೇ ಹುಬ್ಬಳ್ಳಿಗೆ ಹೊತ್ತೊಯ್ಯಬೇಕೋ ಎಂದೂ ಕೇಳಿ. 1000 ವ್ಯಾಟಿನದೇ ಹದಿನೈದು ಕಿಲೊ ಆಸುಪಾಸು ತೂಗುತ್ತದೆ.

ಮುಚ್ಚಿದ ಬೇಕರಿಯಿಂದ ಹಳೆಯದು ಸಿಕ್ಕರೆ ಬಾಗಿಲು ಅಲುಗುತ್ತದೆಯೇ, ಬಾಗಿಲಂಚಿನಲ್ಲಿ ತುಕ್ಕಿದೆಯೇ ನೋಡಿ. ಎರಡರಲ್ಲಿ ಒಂದಿದ್ದರೂ ಬಿಟ್ಟು ಬನ್ನಿ. ಆಮೇಲೆ ನೀರಿನ ಪರೀಕ್ಷೆ ಮಾಡಿ: ಗಡಿಗೆಯ ತಣ್ಣೀರು ಒಂದು ಲೀಟರ್ ಅಳೆದು ಪ್ಲಾಸ್ಟಿಕ್ ಬೋಗುಣಿಗೆ ಹಾಕಿ, ಥರ್ಮಾಮೀಟರಿನಲ್ಲಿ ತಾಪ ನೋಡಿ, ಸರಿಯಾಗಿ ಎರಡು ನಿಮಿಷ ಓಡಿಸಿ, ಕಲಕಿ, ಮತ್ತೆ ತಾಪ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 26 ಡಿಗ್ರಿ ಏರಿದರೆ 910 ವ್ಯಾಟ್. 1000ದ ಓವನಿಗೆ ಅದು ಒಳ್ಳೆಯ ಅಂಕಿ. 700ಕ್ಕಿಂತ ಕಡಿಮೆ ಬಂದರೆ ಒಂದೋ ವೋಲ್ಟೇಜ್ ಕಡಿಮೆಯಿದೆ, ಇಲ್ಲವೇ ಮ್ಯಾಗ್ನೆಟ್ರಾನ್ ಸವೆದಿದೆ.

ಅಮೆರಿಕದಿಂದ ಬಂದವರು ಬಿಟ್ಟುಹೋದ ಓವನ್ ಬೇಡವೇ ಬೇಡ. ಅದು 120 ವೋಲ್ಟ್, 60 ಹರ್ಟ್ಸಿನದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹರ್ಟ್ಸ್ ನಮ್ಮ 50 ಆಗಿಯೇ ಉಳಿಯುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ವಿಪರೀತ ಕಾಯುತ್ತದೆ, ನಾಬಿನ ಮೋಟಾರು ನಿಧಾನವಾಗಿ ಒಂದು ನಿಮಿಷ 72 ಸೆಕೆಂಡ್ ಆಗುತ್ತದೆ.

ಪ್ಲಗ್ಗು, ವೋಲ್ಟೇಜು, ಅರ್ಥಿಂಗು

1600 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್. ಮಿಕ್ಸರ್ ಹಾಕುವ ಸಣ್ಣ ಸಾಕೆಟ್ 6 ಆಂಪಿಯರಿನದು. ಬಹಳ ಕಡೆ ಕೆಲಸ ಕೆಡುವುದು ಇಲ್ಲಿಯೇ. ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಷನ್ ಪ್ಲಗ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಹಾಕಿದ ದಿನ ಓವನ್ ಓಡುತ್ತದೆ ಕೂಡ. ಕೆಲವು ವಾರದಲ್ಲಿ ಪಿನ್ನಿನ ಸುತ್ತ ಕಂದು ಕಲೆ ಮೂಡುತ್ತದೆ, ಸುಟ್ಟ ಬೇಕಲೈಟ್ ವಾಸನೆ ಬರುತ್ತದೆ. 16 ಆಂಪಿಯರಿನ ಪಾವರ್ ಸಾಕೆಟ್ಟು, ಅದಕ್ಕೆ ಮೇನ್ ಬೋರ್ಡಿನಿಂದ ಪ್ರತ್ಯೇಕ 2.5 ಚದರ ಮಿಲಿಮೀಟರ್ ತಾಮ್ರದ ವಾಯರ್, 16 ಆಂಪಿಯರ್ ಎಂಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ಒಮ್ಮೆ ನೋಡಿಕೊಳ್ಳಿ.

ಹಳ್ಳಿಯ ಕಡೆ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ 200ಕ್ಕಿಂತ ಕೆಳಗಿಳಿದರೆ ಓವನ್ ಗುಂಯ್ಗುಡುತ್ತದೆ, ದೀಪ ಹತ್ತಿರುತ್ತದೆ, ಅನ್ನ ಮಾತ್ರ ಉಗುರುಬೆಚ್ಚಗೇ ಉಳಿಯುತ್ತದೆ. ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮೊದಲು ಮೀಟರ್ ಹಿಡಿದು ವೋಲ್ಟೇಜ್ ನೋಡಿ. ದಿನವೂ ಹೀಗೇ ಆದರೆ 3 ಕೆವಿಎ ಸ್ಟೆಬಿಲೈಜರ್ ಹಾಕಿಸಿ. ಫ್ರಿಜ್ಜಿನ ಸ್ಟೆಬಿಲೈಜರ್ ಇದನ್ನು ತಡೆಯುವುದಿಲ್ಲ. ಫ್ಯಾನು, ಲೈಟಿಗೆಂದು ಹಾಕಿದ ಮನೆಯ ಇನ್ವರ್ಟರಿಗಂತೂ ಜೋಡಿಸಲೇಬೇಡಿ.

ಓವನಿನ ಮೈಯೆಲ್ಲ ಸ್ಟೀಲ್ ಆದ್ದರಿಂದ ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದಾಗ ಝುಮ್ಮೆನ್ನುತ್ತದೆ. ಮೈಗೆ ಟೆಸ್ಟರ್ ಇಟ್ಟಾಗ ದೀಪ ಹೊತ್ತಿದರೆ ಕೂಡಲೇ ಪ್ಲಗ್ ತೆಗೆದು ಎಲೆಕ್ಟ್ರಿಶಿಯನ್‌ನನ್ನು ಕರೆಸಿ. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಮಣ್ಣು ಏಪ್ರಿಲ್ ಹೊತ್ತಿಗೆ ಬಿರುಕು ಬಿಟ್ಟು ಅರ್ಥ್ ಗುಂಡಿಯೂ ಒಣಗುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಬೇಸಿಗೆಯಲ್ಲಿ ಕೈಕೊಡುವುದು ಇದರಿಂದಲೇ. ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿ.

ಖರ್ಚಿನ ಲೆಕ್ಕ: ದಿನಕ್ಕೆ ಕಾಲು ತಾಸು ಓಡಿದರೆ 0.4 ಯೂನಿಟ್, ತಿಂಗಳಿಗೆ 12. ಎರಡು ತಾಸು ಓಡುವ ಖಾನಾವಳಿಗೆ ತಿಂಗಳಿಗೆ ಸುಮಾರು 96.

ಇಡುವ ಜಾಗ ಒಲೆಯ ಪಕ್ಕದ್ದಾಗಬಾರದು. ರೊಟ್ಟಿ ಬಡಿಯುವ ಕಡೆ ಹಾರುವ ಜೋಳದ ಹಿಟ್ಟು, ಒಗ್ಗರಣೆಯ ಜಿಡ್ಡು ಎರಡೂ ಸೇರಿ ಗಾಳಿ ಜಾಳಿಗೆಯನ್ನು ಕಟ್ಟಿಬಿಡುತ್ತವೆ. ಹಿಂದೆ, ಪಕ್ಕದಲ್ಲಿ ಕನಿಷ್ಠ 10 ಸೆಂಟಿಮೀಟರ್, ಮೇಲೆ 20 ಬಿಡಿ. ಕೈಪಿಡಿ ಹೆಚ್ಚು ಹೇಳಿದ್ದರೆ ಅಷ್ಟು ಬಿಡಿ. ಮೇಲೆ ಪೇಪರ್, ಡಬ್ಬಿ ಪೇರಿಸಬೇಡಿ.

ನಾಬಿನ ಮರ್ಮ

ಒಂದು ನಿಮಿಷಕ್ಕಿಂತ ಕಡಿಮೆ ಬೇಕಾದಾಗ ನಾಬನ್ನು ನೇರ 20 ಸೆಕೆಂಡಿಗೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಎರಡು ನಿಮಿಷ ದಾಟಿಸಿ, ಹಿಂದಕ್ಕೆ ತಂದು ನಿಲ್ಲಿಸಿ.

ಇನ್ನೊಂದನ್ನು ಕೆಲಸದ ಹುಡುಗರಿಗೆ ಮೊದಲ ದಿನವೇ ಹೇಳಿಕೊಡಬೇಕು. ಇಂಥ ಹಲವು ಓವನುಗಳಲ್ಲಿ ಸ್ಟಾರ್ಟ್ ಬಟನ್ ಇರುವುದಿಲ್ಲ. ನಾಬಿನಲ್ಲಿ ಸಮಯ ಉಳಿದಿದ್ದು ಬಾಗಿಲು ಮುಚ್ಚಿದರೆ ಸಾಕು, ಓಡಲು ಶುರು. ತಾಟು ಬೇಗ ತೆಗೆದು ಬಾಗಿಲು ಹಾಕಿದರೆ ಓವನ್ ಖಾಲಿಯೇ ಓಡುತ್ತದೆ. ಹೀರಿಕೊಳ್ಳಲು ಏನೂ ಇಲ್ಲದ ಅಲೆಗಳು ಮರಳಿ ಮ್ಯಾಗ್ನೆಟ್ರಾನಿಗೇ ಹೋಗಿ ಅದನ್ನು ಸುಡುತ್ತವೆ. ಮೊದಲು ನಾಬು ಸೊನ್ನೆಗೆ, ಆಮೇಲೆ ಬಾಗಿಲು. ಓಡುತ್ತಿರುವಾಗಲೇ ಬಾಗಿಲು ಜಗ್ಗುವ ರೂಢಿಯಿಂದ ಒಳಗಿನ ಸಣ್ಣ ಸ್ವಿಚ್ಚುಗಳೂ ಬೇಗ ಸವೆಯುತ್ತವೆ.

ನಮ್ಮ ಊಟಕ್ಕೆ ಎಷ್ಟು ಹೊತ್ತು

ಕೆಳಗಿನವು 1000 ವ್ಯಾಟಿನ ಲೆಕ್ಕ. 800ರದ್ದಾದರೆ ಕಾಲುಭಾಗ ಹೆಚ್ಚಿಸಿ.

ಸ್ಟೀಲ್ ತಾಟು, ಸ್ಟೀಲ್ ಡಬ್ಬಿ, ಬಂಗಾರದ ಅಂಚಿನ ಕಪ್ಪು, ಹೋಟೆಲಿನ ಬೆಳ್ಳಿಬಣ್ಣದ ಪಾರ್ಸೆಲ್ ಚೀಲ ಯಾವುದೂ ಬೇಡ. ಮದುವೆ ಊಟಕ್ಕೆ ತರುವ ಮೆಲಮೈನ್ ತಟ್ಟೆಯೂ ಬೇಡ, ಅದು ತಾನೇ ಕಾದು ಬಿರಿಯುತ್ತದೆ. ಸಂಶಯವಿದ್ದ ಪಾತ್ರೆಯನ್ನು ಖಾಲಿ ಇಟ್ಟು ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಅದು ನಡೆಯುತ್ತದೆ.

ಒಂದು ಲೋಟ, ಅಂದರೆ 200 ಮಿಲಿಲೀಟರ್ ಚಾ: 45ರಿಂದ 50 ಸೆಕೆಂಡ್. ಹಾಲಾದರೆ ಮುಕ್ಕಾಲು ಲೋಟಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕುತ್ತದೆ. ಫ್ರಿಜ್ಜಿನ ಅನ್ನ 250 ಗ್ರಾಂ: ಎರಡು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಒಂದೂವರೆ ನಿಮಿಷ, ನಡುವೆ ಒಮ್ಮೆ ಕಲಸಿ. ಅರ್ಧ ದಿನ ಹೊರಗೇ ಬಿಟ್ಟ ಅನ್ನವನ್ನು ಎಷ್ಟು ಕಾಯಿಸಿದರೂ ಪ್ರಯೋಜನವಿಲ್ಲ. ಅದರಲ್ಲಿ ಬೆಳೆವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿಗೆ ಜಗ್ಗುವುದಿಲ್ಲ.

ಬೆಳಿಗ್ಗೆ ಬಡಿದ ಮೆತ್ತನೆ ಜೋಳದ ರೊಟ್ಟಿ ಎರಡು ಮೂರನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ 20ರಿಂದ 25 ಸೆಕೆಂಡ್ ಇಡಿ. ತೆಗೆದ ಕೂಡಲೇ ತಾಟಿಗೆ ಹಾಕಿ. ಐದು ನಿಮಿಷ ಬಿಟ್ಟರೆ ಚಕ್ಕಳದಂತಾಗುತ್ತದೆ. ಕಡಕ್ ರೊಟ್ಟಿ ಇಡಬೇಡಿ. ಅದರಲ್ಲಿ ನೀರೇ ಇಲ್ಲ, ನಡುವೆ ಹೊತ್ತುತ್ತದೆ.

ಬದನೆಕಾಯಿ ಎಣ್ಣೆಗಾಯಿಯ ಎಣ್ಣೆ ನೂರು ಡಿಗ್ರಿ ದಾಟುತ್ತದೆ, ತೆಳು ಪ್ಲಾಸ್ಟಿಕ್ ಡಬ್ಬಿ ಸೊಟ್ಟಗಾಗುತ್ತದೆ. ಗಾಜು ಅಥವಾ ಪಿಂಗಾಣಿಯೇ ಆಗಬೇಕು. ಝುಣಕ ಗಟ್ಟಿಯಾಗಿರುವುದರಿಂದ ಬಿಡಿಸಿ ಹರವಿ, ನೀರು ಚಿಮುಕಿಸಿ. ಹೋಳಿಗೆಗೆ 12 ಸೆಕೆಂಡ್ ಮೀರಬಾರದು, ಮೇಲಿನ ಕಣಕ ಬೆಚ್ಚಗಿರುವಾಗಲೇ ಒಳಗಿನ ಹೂರಣ ನಾಲಿಗೆ ಸುಡುವಷ್ಟು ಕಾದಿರುತ್ತದೆ. ಕುಂದಾಕ್ಕೆ 10 ಸೆಕೆಂಡ್. ಮಿರ್ಚಿ ಭಜಿ ಬಿಸಿಯಾಗುತ್ತದೆ, ಆದರೆ ಮೆತ್ತಗಾಗುತ್ತದೆ. ಅದನ್ನು ಮತ್ತೆ ಎಣ್ಣೆಗೇ ಬಿಡಬೇಕು.

ಈ ಪೆಟ್ಟಿಗೆ ನಿಜಕ್ಕೂ ಚೆನ್ನಾಗಿ ಮಾಡುವ ಎರಡು ಕೆಲಸಗಳಿವೆ. ಒಂದು ಉದ್ದಿನ ಹಪ್ಪಳ: ಎರಡು ಒಟ್ಟಿಗೆ, 40 ಸೆಕೆಂಡಿನ ಒಳಗೆ, ಎಣ್ಣೆಯಿಲ್ಲದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಮೆತ್ತಗಾದ ಹಪ್ಪಳವೂ ಗರಿಗರಿಯಾಗುತ್ತದೆ. ಇನ್ನೊಂದು ಚಟ್ನಿಪುಡಿಗೆ ಶೇಂಗಾ. 250 ಗ್ರಾಂ ಕಾಳನ್ನು ಅಗಲ ಪಿಂಗಾಣಿ ತಟ್ಟೆಯಲ್ಲಿ ಒಂದೇ ಪದರ ಹರವಿ, ಒಂದೊಂದೇ ನಿಮಿಷ ಓಡಿಸಿ, ಪ್ರತಿ ಸಲ ಕೈಯಾಡಿಸಿ. ನಾಲ್ಕರಿಂದ ಐದು ನಿಮಿಷ ಸಾಕು. ಬಾಣಲೆಯಲ್ಲಿ ಸಿಪ್ಪೆಯ ಬಣ್ಣ ನೋಡಿ ಇಳಿಸುತ್ತೇವೆ, ಇಲ್ಲಿ ಆ ಲೆಕ್ಕ ನಡೆಯದು. ಕಾಳು ಒಳಗಿನಿಂದ ಹುರಿಯುತ್ತದೆ, ಸಿಪ್ಪೆ ಕೆಂಪಗಿರುವಾಗಲೇ ಬೇಳೆಯ ನಡುವೆ ಕಪ್ಪಾಗಿರಬಹುದು. ಮೂರನೇ ನಿಮಿಷದಿಂದ ಪ್ರತಿ ಸಲ ಒಂದು ಕಾಳು ಸೀಳಿ ನೋಡಿ. ನಸುಗೆಂಪು ಬರುವ ಮುಂಚೆಯೇ ತೆಗೆಯಿರಿ, ಹೊರಗೂ ಸ್ವಲ್ಪ ಹೊತ್ತು ಹುರಿಯುತ್ತಲೇ ಇರುತ್ತದೆ. ಒಣ ಬ್ಯಾಡಗಿ ಮೆಣಸಿನಕಾಯಿಗೆ ಈ ಉಪಾಯ ಮಾಡಬೇಡಿ, ಬಾಗಿಲು ತೆಗೆದ ಕೂಡಲೇ ಘಾಟು ಮುಖಕ್ಕೆ ಹೊಡೆದು ಮನೆಮಂದಿಯೆಲ್ಲ ಕೆಮ್ಮುತ್ತಾರೆ.

ಸ್ವಚ್ಛತೆ ಮತ್ತು ಕೆಟ್ಟಾಗ

ದಿನದ ಕೊನೆಗೆ ಒಂದು ಬೋಗುಣಿ ನೀರಿಗೆ ಅರ್ಧ ಲಿಂಬೆ ಹಿಂಡಿ ನಾಲ್ಕು ನಿಮಿಷ ಓಡಿಸಿ, ಬಾಗಿಲು ತೆಗೆಯದೆ ಐದು ನಿಮಿಷ ಬಿಟ್ಟು ಒರೆಸಿ. ತಂತಿ ಜುಂಗು ಬಳಸಬೇಡಿ. ಗಾಳಿ ಜಾಳಿಗೆಯನ್ನು ಖಾನಾವಳಿಯಲ್ಲಿ ವಾರಕ್ಕೊಮ್ಮೆ, ಮನೆಯಲ್ಲಿ ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

ಮಧ್ಯಾಹ್ನದ ಗದ್ದಲದಲ್ಲಿ ತಾನಾಗಿ ನಿಂತು ಅರ್ಧ ತಾಸಿನ ನಂತರ ಮತ್ತೆ ಓಡಿದರೆ ಕೆಟ್ಟಿಲ್ಲ. ಹೊರಗೆ 40 ಡಿಗ್ರಿ, ಜಾಳಿಗೆ ಕಟ್ಟಿದೆ, ಹೆಚ್ಚು ಕಾಯ್ದಾಗ ಕಡಿತಗೊಳಿಸುವ ಸ್ವಿಚ್ ತನ್ನ ಕೆಲಸ ಮಾಡಿದೆ. ಒಳಗೆ ಕಿಡಿ ಹಾರಿದರೆ ಪಕ್ಕದ ಗೋಡೆಯಲ್ಲೋ ಮಾಳಿಗೆಯಲ್ಲೋ ಇರುವ, ಅಲೆಗಳು ಒಳಬರುವ ಕಿಂಡಿಯ ಮುಚ್ಚಳ ನೋಡಿ. ಅದು ಮೈಕಾ ಹಾಳೆಯಾಗಿದ್ದು ಜಿಡ್ಡು ಸುಟ್ಟು ಕಪ್ಪು ತೂತಾಗಿದ್ದರೆ ಅದೇ ಅಳತೆಗೆ ಹೊಸ ಹಾಳೆ ಕತ್ತರಿಸಿ ಹಾಕಿಸಿ. ಹೊಸದು ಬರುವ ತನಕ ಓಡಿಸಬೇಡಿ. ಬಾಗಿಲು ಹಾಕಿದ ಕೂಡಲೇ ಒಳಗಿನ ಫ್ಯೂಜ್ ಹೋಗುತ್ತಿದ್ದರೆ ಬಹುಪಾಲು ಬಾಗಿಲ ಸ್ವಿಚ್ಚಿನ ದೋಷ. ದಪ್ಪ ಫ್ಯೂಜ್ ಹಾಕಿ ದಾಟಿಸುವವರಿದ್ದಾರೆ, ಅವರಿಗೆ ಓವನ್ ಮುಟ್ಟಲು ಬಿಡಬೇಡಿ. ದೀಪ, ಫ್ಯಾನು ಎಲ್ಲ ಸರಿಯಿದ್ದು, ವೋಲ್ಟೇಜೂ ಸರಿಯಿದ್ದು, ಬಿಸಿ ಮಾತ್ರ ಇಲ್ಲದಿದ್ದರೆ ದೋಷ ಡಯೋಡ್, ಕೆಪಾಸಿಟರ್ ಅಥವಾ ಮ್ಯಾಗ್ನೆಟ್ರಾನಿನದು. ಮೊದಲೆರಡು ಅಗ್ಗ. ಮೂರನೆಯದಾದರೆ ಹೊಸ ಓವನಿನ ಬೆಲೆಯೊಂದಿಗೆ ತಾಳೆ ನೋಡಿ ನಿರ್ಧರಿಸಿ.

ಮೇಲಿನ ಕವಚ ಬಿಚ್ಚುವುದು ಮನೆಯವರ ಕೆಲಸವಲ್ಲ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಎರಡು ಸಾವಿರ ವೋಲ್ಟ್ ಆಸುಪಾಸು ಉಳಿದಿರಬಹುದು, ಅಷ್ಟು ಸಾಕು ಜೀವ ತೆಗೆಯಲು. ಬಾಗಿಲನ್ನೋ ಸ್ವಿಚ್ಚನ್ನೋ ಬದಲಿಸಿದ ಮೆಕ್ಯಾನಿಕ್ ಹತ್ತಿರ ಸೋರಿಕೆ ಅಳೆಯುವ ಮೀಟರ್ ಇದೆಯೇ ಕೇಳಿ, ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಹಿಡಿಸಿ. ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮಿತಿ. ಅದನ್ನು ದಾಟಿದರೆ ಬಾಗಿಲನ್ನು ಮತ್ತೆ ಕೂರಿಸಿಯೇ ಹೋಗಬೇಕು.