ಧನ ಹೋಗಿ ದನ ಬಂತು: ದಪ್ಪ ದುಂಡು ಫಾಂಟ್ ಬಳಸುವ ಬಗೆ

ಗ್ರಂಥಾಲಯಕ್ಕೆ ಹಣ ಕೂಡಿಸಲು ಒಂದು ಪೋಸ್ಟರ್ ಮಾಡಿದ್ದೆ. ಮೇಲೆ ದಪ್ಪ, ದುಂಡು ಅಕ್ಷರದಲ್ಲಿ ‘ಧನಸಹಾಯ ಮಾಡಿ’. ಅಚ್ಚಾಗಿ ಬಂದಾಗ ಗೆಳೆಯ ಜೋರಾಗಿ ಓದಿದ: ‘ದನಸಹಾಯ ಮಾಡಿ’. ‘ಧ’ದ ಕೆಳಗಿನ ಸೀಳು ಮಸಿಯಲ್ಲಿ ಮುಚ್ಚಿಹೋಗಿತ್ತು. ತಪ್ಪು ನನ್ನದೇ. ಮೊದಲೇ ದಪ್ಪಗಿದ್ದ ಫಾಂಟ್‌ಗೆ ಸುಮ್ನೆ ಬೋಲ್ಡ್ ಬಟನ್ ಬೇರೆ ಒತ್ತಿದ್ದೆ.

ಆ ಬಟನ್ ಮುಟ್ಟಬೇಡಿ. ದಪ್ಪ ರೂಪ ಫಾಂಟ್‌ನಲ್ಲೇ ಇಲ್ಲದಿದ್ದರೆ ತಂತ್ರಾಂಶ ಗೆರೆಯನ್ನು ಸುತ್ತಲೂ ಉಬ್ಬಿಸುತ್ತದೆ, ಒಳಗಿನ ಬಿಳಿ ಜಾಗ ಹೋಗುತ್ತದೆ. ದಪ್ಪ ಫಾಂಟ್‌ಗೆ ಜೀವ ಇರುವುದೇ ಆ ಬಿಳಿಯಲ್ಲಿ. ಬೇರೆ ಬೇರೆ ದಪ್ಪ ಬೇಕಿದ್ದರೆ ಅದಕ್ಕೆಂದೇ ಬರೆದ ಫಾಂಟ್ ಹುಡುಕಿ. ಏಕ್ ಟೈಪ್ ತಂಡದ ‘ಬಾಲೂ ತಮ್ಮ 2’ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಅದರಲ್ಲಿ 5 ದಪ್ಪಗಳಿವೆ.

ಇಂಗ್ಲಿಷ್‌ನಲ್ಲಿ ಈ ಬಗೆಯ ಹಳೆಯ, ಹೆಸರಾದ ಫಾಂಟ್ ಕೂಪರ್ ಬ್ಲ್ಯಾಕ್. ಆಸ್ವಾಲ್ಡ್ ಕೂಪರ್ ಬರೆದದ್ದು, 1922ರಲ್ಲಿ ಬಂತು. ಅದರ ಅಕ್ಷರಗಳ ಕಾಲುಗಳಿಗೂ ಚೂಪಿಲ್ಲ, ದಿಂಬಿನ ಹಾಗಿವೆ. ಕನ್ನಡಕ್ಕೆ ದುಂಡುತನ ಹುಟ್ಟಿನಿಂದಲೇ ಇದೆ ಅಲ್ವಾ? ಹಾಗಾಗಿ ನಮಗೆ ದುಂಡು ಮಾಡುವುದು ಕಷ್ಟವಲ್ಲ, ದಪ್ಪ ಮಾಡುವುದು ಕಷ್ಟ.

ನೀವೇ ಅಕ್ಷರ ಬರೆಯುವುದಾದರೆ ಎರಡು ಗೆರೆ ಕೂಡುವ ಕಡೆ ನೋಡಿ. ‘ಷ’ದ ಒಳಗೆ ಗೆರೆ ಸೇರುವ ಜಾಗ ಕಪ್ಪು ಮುದ್ದೆಯಾಗುತ್ತದೆ. ಅಲ್ಲಿ ಸ್ವಲ್ಪ ತೆಳುಮಾಡಿ. ಒತ್ತಕ್ಷರವನ್ನು ಮೂಲ ಅಕ್ಷರದಷ್ಟೇ ದಪ್ಪ ಇಟ್ಟರೆ ಅದು ಉಸಿರಾಡುವುದಿಲ್ಲ. ಅದಕ್ಕೂ ಗೆರೆ ಇಳಿಸಿ. ಅಳತೆಪಟ್ಟಿ ಇದನ್ನು ಒಪ್ಪುವುದಿಲ್ಲ, ಕಣ್ಣು ಒಪ್ಪುತ್ತದೆ.

ಬಳಸುವವರು ಸಾಲಿನ ಅಂತರವನ್ನು ಮೊದಲು ಸರಿಮಾಡಿ. ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಓದಲಾಗದು. ನಾನು ಅಕ್ಷರದ ಅಳತೆಯ ಒಂದೂವರೆ ಪಟ್ಟಿನಿಂದ ಶುರುಮಾಡಿ ಕಣ್ಣಳತೆಯಲ್ಲಿ ಹೊಂದಿಸುತ್ತೇನೆ. ತಲೆಬರಹ, ಮಕ್ಕಳ ಪುಸ್ತಕದ ಮುಖಪುಟ, ಆಟದ ಆ್ಯಪ್‌ನ ಬಟನ್, ಇಂಥ ಕಡೆ ಈ ಫಾಂಟ್ ಚೆಂದ. ಮೂರು ನಾಲ್ಕು ಪದ ಸಾಕು. ಪ್ಯಾರಾಗಟ್ಟಲೆ ಸುರಿದರೆ ಪುಟ ಕಪ್ಪಾಗುತ್ತದೆ. ಸಾವಿನ ಸುದ್ದಿಗಂತೂ ಬೇಡವೇ ಬೇಡ, ಅಕ್ಷರ ನಗುತ್ತಿರುವಂತೆ ಕಾಣುತ್ತದೆ.

ಕೊನೆಗೆ ಥ, ಧ, ಠ, ಘ ಇರುವ ಪದಗಳನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಯಿಂದ ಓದಿ. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸಾಧ್ಯವಾದರೆ ವಿಷಯ ಗೊತ್ತಿಲ್ಲದವರ ಕೈಲಿ ಓದಿಸಿ.

ನನ್ನ ಪೋಸ್ಟರ್‌ನಲ್ಲಿ ಬೋಲ್ಡ್ ತೆಗೆದೆ, ಆದರೂ ಆಚೆ ತುದಿಯಿಂದ ಆ ಸೀಳು ಅನುಮಾನವೇ. ‘ಹಣ ಕೊಡಿ’ ಅಂತ ಬದಲಾಯಿಸಿದೆ. ಜಾಗವೂ ಉಳಿಯಿತು, ಅಕ್ಷರ ಇನ್ನಷ್ಟು ದೊಡ್ಡದಾಯಿತು.