ಹೆಣ್ಣಿಲಿಯ ಮಿದುಳಲ್ಲಿ ಪ್ಲಾಕ್ ಜಾಸ್ತಿ ಯಾಕೆ? ನಾನು ಅಳೆಯುವ ಬಗೆ

ನನ್ನ ಕೆಲಸ 5ಎಕ್ಸ್‌ಎಫ್‌ಎಡಿ ಇಲಿಗಳ ಜೊತೆ. ಅಲ್ಜೈಮರ್ ಸಂಶೋಧನೆಗಾಗಿ ತಯಾರಾದ ಈ ತಳಿಯ ವಿವರ 2006ರಲ್ಲಿ ಪ್ರಕಟವಾಯಿತು. ಅಮಿಲಾಯ್ಡ್ ಹುಟ್ಟುವ ಎಪಿಪಿ ಪ್ರೋಟೀನಿನ ಮನುಷ್ಯರ ಜೀನಿನಲ್ಲಿ ಮೂರು, ಎಪಿಪಿಯನ್ನು ಕತ್ತರಿಸುವ ಪ್ರೆಸೆನಿಲಿನ್-1ರ ಜೀನಿನಲ್ಲಿ ಎರಡು, ಹೀಗೆ ಐದು ಮ್ಯುಟೇಶನ್‌ಗಳು ಇದರಲ್ಲಿವೆ. ಹುಟ್ಟಿ ಎರಡು ತಿಂಗಳಾಗುವಷ್ಟರಲ್ಲಿ ಮಿದುಳಲ್ಲಿ ಅಮಿಲಾಯ್ಡ್ ಪ್ಲಾಕ್, ಅಂದರೆ ಪ್ರೋಟೀನಿನ ಗಂಟು, ಕಟ್ಟತೊಡಗುತ್ತದೆ. ಒಂದೇ ವಯಸ್ಸಿನ ಅಣ್ಣ ತಂಗಿಯರನ್ನು ಹೋಲಿಸಿದರೆ ತಂಗಿಯಲ್ಲೇ ಜಾಸ್ತಿ.

ಹೆಣ್ಣಿಲಿಗಳ ಹಾರ್ಮೋನ್ ನಾಲ್ಕೈದು ದಿನಕ್ಕೊಮ್ಮೆ ಏರಿಳಿಯುತ್ತೆ, ಅದಕ್ಕೇ ಪ್ರಯೋಗಕ್ಕೆ ಅವು ಬೇಡ ಅನ್ನುವವರು ಇನ್ನೂ ಇದ್ದಾರೆ. ಪ್ಲಾಕ್ ಕಟ್ಟುವುದು ತಿಂಗಳುಗಟ್ಟಲೆ ಅಲ್ವಾ? ಆ ಒಂದು ದಿನದ ಹಾರ್ಮೋನ್ ಅದನ್ನು ಬದಲಿಸುವುದಿಲ್ಲ. ನಾನು ಗಂಡು ಹೆಣ್ಣು ಎರಡನ್ನೂ ತೆಗೆದುಕೊಳ್ಳುತ್ತೇನೆ, ಆದಷ್ಟು ಒಂದೇ ಸೂಲಿನ ಮರಿಗಳನ್ನು.

ಮಿದುಳಿನ ಒಂದು ಅರ್ಧವನ್ನು ಫ್ರೀಜ್ ಮಾಡುತ್ತೇನೆ. ಇನ್ನೊಂದನ್ನು ಕೊಳೆಯದಂತೆ ರಾಸಾಯನಿಕದಲ್ಲಿ ಫಿಕ್ಸ್ ಮಾಡಿ 30% ಸಕ್ಕರೆ ನೀರಿಗೆ ಹಾಕುತ್ತೇನೆ. ಮೊದಲು ತೇಲುತ್ತದೆ. ತಳಕ್ಕೆ ಇಳಿದ ಮೇಲೇ ಹೆಪ್ಪುಗಟ್ಟಿಸಿ ಕತ್ತರಿಸಬೇಕು, ಇಲ್ಲದಿದ್ದರೆ ಒಳಗೆ ಮಂಜಿನ ಹರಳು ಕಟ್ಟಿ ತೂತು ಬೀಳುತ್ತದೆ. ತೆಳುವಾದ ಸೆಕ್ಷನ್‌ಗಳನ್ನು ಸಣ್ಣ ಬ್ರಷ್‌ನಿಂದ ಎತ್ತಿ ಥಿಯೋಫ್ಲೇವಿನ್-ಎಸ್ ಎಂಬ ಬಣ್ಣ ಹಾಕಿದರೆ, ಮೈಕ್ರೋಸ್ಕೋಪ್‌ನಲ್ಲಿ ಹಸಿರು ಚುಕ್ಕಿಗಳು ಹೊಳೆಯುತ್ತವೆ. ಮೊದಲು ಕಾಣುವುದು ನೆನಪಿನ ಕೆಲಸದ ಭಾಗವಾದ ಸಬಿಕ್ಯುಲಮ್‌ನಲ್ಲಿ ಮತ್ತು ಮಿದುಳಿನ ಹೊರಭಾಗವಾದ ಕಾರ್ಟೆಕ್ಸ್‌ನ ಐದನೇ ಪದರದಲ್ಲಿ. ಈ ಬಣ್ಣ ಹಿಡಿಯುವುದು ಗಟ್ಟಿ ಪ್ಲಾಕ್ ಮಾತ್ರ. ಹರಡಿಕೊಂಡದ್ದೂ ಬೇಕೆಂದರೆ ಆಂಟಿಬಾಡಿ ಹಾಕಬೇಕು. ಗಂಡು ಹೆಣ್ಣು ಎರಡಕ್ಕೂ ಒಂದೇ ದಿನ, ಒಂದೇ ಬ್ಯಾಚ್‌ನಲ್ಲಿ ಬಣ್ಣ ಹಾಕುತ್ತೇನೆ. ಅಳೆಯುವಾಗ ಸ್ಲೈಡ್ ಮೇಲೆ ಬರೀ ಕೋಡ್ ಇರುತ್ತದೆ.

ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ ಇದಾದ ಮೇಲಿನದು: ಅಮಿಲಾಯ್ಡ್ ತಯಾರಿ ಜಾಸ್ತಿಯೋ, ಹೊರಹೋಗುವುದು ಕಡಿಮೆಯೋ? ತೊಟ್ಟಿ ತುಂಬಿ ಹರಿಯುತ್ತಿದ್ದರೆ ನಲ್ಲಿ ಜೋರಾಗಿದೆಯೋ, ಕೆಳಗಿನ ಕಿಂಡಿ ಕಟ್ಟಿಕೊಂಡಿದೆಯೋ ನೋಡಬೇಕು. ಈ ತಳಿಯಲ್ಲಿ ಜೀನನ್ನು ನಡೆಸುವುದು ಥೈ1 ಪ್ರೊಮೋಟರ್, ಅಂದರೆ ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು. ಅದರಲ್ಲಿ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್‌ಗೆ ಸ್ಪಂದಿಸುವ ಜಾಗ ಇದೆ. ಅಂದರೆ ಹೆಣ್ಣಿಲಿಯಲ್ಲಿ ಎಪಿಪಿ ತಯಾರಿಯೇ ಜಾಸ್ತಿ ಆಗಬಹುದು. ಹಾಗಾಗಿ ಫ್ರೀಜ್ ಮಾಡಿದ ಅರ್ಧದಲ್ಲಿ ವೆಸ್ಟರ್ನ್ ಬ್ಲಾಟ್ (ಒಂದು ಪ್ರೋಟೀನನ್ನು ಬ್ಯಾಂಡ್ ಆಗಿ, ಅಂದರೆ ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಮಾಡಿ, ಅದೇ ಇಲಿಯ ಎಪಿಪಿ ಎಷ್ಟಿದೆ ಅಂತ ನೋಡುತ್ತೇನೆ. ಹೆಣ್ಣುಗಳಲ್ಲಿ ಆ ಬ್ಯಾಂಡ್ ಕೂಡ ದಪ್ಪಗಿದ್ದರೆ, ವ್ಯತ್ಯಾಸದ ಒಂದು ಪಾಲು ನಾವು ಸೇರಿಸಿದ ಜೀನಿನದೇ. ಅಮೆರಿಕದಲ್ಲಿ ಅಲ್ಜೈಮರ್ ಇರುವವರಲ್ಲಿ ಸುಮಾರು ಮೂರನೇ ಎರಡು ಭಾಗ ಹೆಂಗಸರು. ಪ್ರೊಮೋಟರ್‌ನ ಪರಿಣಾಮವನ್ನು ಅವರ ಕಾಯಿಲೆಯ ಕಾರಣ ಅಂತ ಬರೆದುಬಿಟ್ಟರೆ ಅವರಿಗೇ ಅನ್ಯಾಯ.

ಎಲ್ಲ ತಳಿಯಲ್ಲೂ ಹೆಣ್ಣೇ ಮುಂದು ಅಂತಲೂ ಇಲ್ಲ. ಅಮಿಲಾಯ್ಡ್ ಬದಲು ಟಾವ್ ಪ್ರೋಟೀನ್ ಕಟ್ಟುವ ಪಿಎಸ್19 ಇಲಿಗಳಲ್ಲಿ ಗಂಡುಗಳ ಸ್ಥಿತಿಯೇ ಹೆಚ್ಚು ಕೆಟ್ಟದ್ದು ಎಂದು ವರದಿಗಳಿವೆ.

ಔಷಧಿ ಪರೀಕ್ಷೆಯಲ್ಲಿ ಇದು ನೇರವಾಗಿ ಹೊಡೆಯುತ್ತದೆ. ಔಷಧಿ ಕೊಟ್ಟ ಗುಂಪಿನಲ್ಲಿ ಗಂಡು 5ಎಕ್ಸ್‌ಎಫ್‌ಎಡಿಗಳು ಜಾಸ್ತಿಯಿದ್ದರೆ, ಔಷಧಿ ಏನೂ ಮಾಡದಿದ್ದರೂ ಸರಾಸರಿ ಇಳಿದಂತೆ ಕಾಣುತ್ತದೆ. ಅದಕ್ಕೇ ಗ್ರಾಫ್‌ನಲ್ಲಿ ಬರೀ ಸರಾಸರಿ ತೋರಿಸುವುದಿಲ್ಲ. ಒಂದೊಂದು ಇಲಿಗೂ ಒಂದು ಚುಕ್ಕಿ, ಗಂಡಿಗೊಂದು ಬಣ್ಣ, ಹೆಣ್ಣಿಗೊಂದು. ಸಾಧ್ಯವಿದ್ದರೆ ಜಪಾನಿನ ಸಂಶೋಧನಾ ಸಂಸ್ಥೆ ರಿಕೆನ್‌ನಿಂದ 2014ರಲ್ಲಿ ಬಂದ ಎಪಿಪಿ ನಾಕ್-ಇನ್ ಇಲಿಯಲ್ಲೂ ಅದೇ ಅಳತೆ ಮಾಡಿ. ಅದರಲ್ಲಿ ಹೊರಗಿನ ಜೀನ್ ಸೇರಿಸದೆ ಇಲಿಯ ಎಪಿಪಿ ಜೀನನ್ನೇ ತಿದ್ದಿರುವುದರಿಂದ, ಅದನ್ನು ನಡೆಸುವುದು ಇಲಿಯ ಸ್ವಂತ ಪ್ರೊಮೋಟರ್. ಅಲ್ಲೂ ವ್ಯತ್ಯಾಸ ಉಳಿದರೆ ಥೈ1 ಮೇಲೆ ಹಾಕಲು ಆಗುವುದಿಲ್ಲ.