ಮನೆಯಲ್ಲಿ ಫೋಟೋ ತೆಗೆಸುವ ಮುನ್ನ

ಮನೆಮಂದಿಯ ಸಹಜ ಫೋಟೋ ಬೇಕೆಂದು ಫೋಟೋಗ್ರಾಫರನನ್ನು ಕರೆಸುವ ಈಗಿನ ಹುಡುಗಿಯರು, ಆತ ಬರುವ ಹಿಂದಿನ ದಿನವೇ ಮನೆಯಲ್ಲಿ ಸಹಜವಾಗಿರುವುದನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕಿಬಿಡುತ್ತಾರೆ. ಕೌದಿ ಒಳಗೆ ಹೋಗುತ್ತದೆ, ಮುತ್ಯಾನ ಹಳೆಯ ಕುರ್ಚಿ ಹಿತ್ತಲಿಗೆ ಹೋಗುತ್ತದೆ, ರೊಟ್ಟಿಬುಟ್ಟಿ ಬಾಗಿಲ ಮರೆ ಸೇರುತ್ತದೆ. ಆಮೇಲೆ ಎಲ್ಲರೂ ಸೋಫಾದ ಮೇಲೆ ಸಾಲಾಗಿ ಕುಳಿತು, ಒಬ್ಬರ ಮುಖ ಒಬ್ಬರು ನೋಡಿ ನಕ್ಕಂತೆ ಮಾಡುತ್ತಾರೆ. ನೋಡಿ ನೋಡಿ ನನಗೆ ಸಾಕಾಗಿದೆ.

ಚಾರ್ಜರಿನ ವೈರು, ಪ್ಲಾಸ್ಟಿಕ್ ಚೀಲ, ಗುಳಿಗೆಯ ಡಬ್ಬಿ, ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಇಷ್ಟನ್ನು ತೆಗೆದರೆ ಸಾಕು. ಉಳಿದದ್ದು ಇದ್ದಲ್ಲಿಯೇ ಇರಲಿ. ಬಾಗಲಕೋಟೆಯಲ್ಲಿ ನಮ್ಮ ಹಳೆಯ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಆ ಮನೆಯಲ್ಲಿ ತೆಗೆಸಿದ ಫೋಟೋ ಇದೆ, ಆದರೆ ಅಂದಿನ ಫೋಟೋದವನು ಪಡಸಾಲೆಯ ಕಂಬಗಳಿಗೆ ಅಡ್ಡವಾಗಿ ಹೂದೋಟ ಬರೆದ ಪರದೆ ಕಟ್ಟಿದ್ದ. ಅತ್ತೆಯವರ ಮುಖ ಉಳಿಯಿತು, ಅವರು ಒರಗಿ ಕೂರುತ್ತಿದ್ದ ಕಂಬ ಉಳಿಯಲಿಲ್ಲ. ನವನಗರದ ಮನೆಗೆ ಬಂದ ಮೇಲೆ ಯಾರಾದರೂ ಪರದೆ ತಂದರೆ ನಾನು ಒಳಗೆ ಬಿಡುವುದಿಲ್ಲ.

ಬೆಳಕಿನ ವಿಷಯದಲ್ಲಿ ಮಾತ್ರ ನಾನು ಹೇಳಿದಂತೆಯೇ ಮಾಡಬೇಕು. ಟ್ಯೂಬ್‌ಲೈಟು, ಬಲ್ಬು ಎಲ್ಲವನ್ನೂ ಆರಿಸಿರಿ. ಕಿಟಕಿಯ ಬೆಳಕಿನ ಜೊತೆ ಅದು ಬೆರೆತರೆ ಮುಖದ ಒಂದು ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಬೇರೆ ಬಣ್ಣ ಕಾಣುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹೊತ್ತೇರಿದ ಮೇಲೆ ಕಣ್ಣು ಕಿರಿದಾಗುತ್ತವೆ, ಆದ್ದರಿಂದ ಬೆಳಗಿನಲ್ಲಿಯೇ ಮುಗಿಸಿರಿ. ಕಿಟಕಿಗೆ ಬೆನ್ನು ಮಾಡಿ ಯಾರನ್ನೂ ಕೂರಿಸಬಾರದು, ಮುಖ ಕಪ್ಪಾಗುತ್ತದೆ. ಕಿಟಕಿ ಒಂದು ಮಗ್ಗುಲಿಗೆ ಬರಲಿ. ಇನ್ನೊಂದು ಮಗ್ಗುಲಿಗೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಹಗ್ಗ ಕಟ್ಟಿ ಒಂದು ಬಿಳಿ ಧೋತರವನ್ನು ಇಳಿಬಿಡಿರಿ. ಧೋತರ ಹಳೆಯದಾಗಿ, ಒಗೆದು ಒಗೆದು ಮೆತ್ತಗಾಗಿರಬೇಕು, ನೀಲಿ ಹಾಕಿರಬಾರದು. ಎರಡು ಪದರು ಮಾಡಿರಬೇಕು, ಏಕೆಂದರೆ ಒಂದೇ ಪದರಾದರೆ ಬೆಳಕು ತಿರುಗಿ ಬರುವ ಬದಲು ಆಚೆಗೆ ಸೋರಿಹೋಗುತ್ತದೆ. ಅಂಚು ಬಣ್ಣದ್ದಾಗಿದ್ದರೆ ಅದನ್ನು ಹಿಂದಕ್ಕೆ ಮಡಿಚಿರಿ. ಗೋಡೆಗೆ ಹಸಿರು ಬಳಿದ ಮನೆಗಳಲ್ಲಂತೂ ಇದು ಬೇಕೇಬೇಕು, ಇಲ್ಲದಿದ್ದರೆ ಗೋಡೆಯ ಹಸಿರೆಲ್ಲ ಕೆನ್ನೆಗೆ ಬರುತ್ತದೆ. ಧೋತರವನ್ನು ಗೇಣು ಗೇಣಾಗಿ ಹತ್ತಿರ ಸರಿಸುತ್ತ, ಮುಖದ ನೆರಳು ಎಲ್ಲಿ ಮೆತ್ತಗಾಯಿತೋ ಅಲ್ಲಿಗೆ ನಿಲ್ಲಿಸಿರಿ. ನೆರಳು ಪೂರ್ತಿ ಹೋಗುವವರೆಗೆ ಸರಿಸಿದರೆ ಮುದುಕರ ಮುಖದ ಗೆರೆಗಳೇ ಅಳಿಸಿಹೋಗುತ್ತವೆ. ಅವನ್ನು ಅಳಿಸುವುದಕ್ಕಾಗಿ ನಾವು ಇಷ್ಟು ವರ್ಷ ಬಾಳಿಲ್ಲ.

ಉಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸಿದರೆ ಮನೆಮಂದಿ ಬ್ಯಾಂಡಿನವರಂತೆ ಕಾಣುತ್ತಾರೆ. ಮಿರಿಮಿರಿ ಮಿಂಚುವ ಸೀರೆಗಿಂತ, ಒಂದೆರಡು ಸಲ ಉಟ್ಟು ಮೈಗೆ ಹೊಂದಿದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಒಳ್ಳೆಯದು. ಹೇಗೂ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿರುತ್ತೀರಿ, ಮರಳಿ ಇಡುವಾಗ ಮಡಿಕೆ ಬದಲಿಸಿ ಇಡಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ರೇಷ್ಮೆಯ ಸೆರಗು ಆ ಗೆರೆಯುದ್ದಕ್ಕೂ ಸೀಳುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸೊಸೆಯಂದಿರು ಕೇಳುವುದಿಲ್ಲ.

ಮಕ್ಕಳಿಗೆ ಮೊದಲು ಉಣಿಸಿರಿ. ದೊಡ್ಡವರ ಕೈಗೆ ಏನಾದರೂ ಕೆಲಸ ಕೊಡಿರಿ, ಏಕೆಂದರೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ರೊಟ್ಟಿ ಬಡಿಯುವವಳು ಬಡಿಯಲಿ, ಶೇಂಗಾ ಸುಲಿಯುವವರು ಸುಲಿಯಲಿ, ಮಾತು ತಾನಾಗಿ ಬರುತ್ತದೆ. ಆದರೆ ಅದು ನಿಜವಾದ ಕೆಲಸವಾಗಿರಬೇಕು. ಹಿಟ್ಟಿಲ್ಲದ ಪರಾತದ ಮುಂದೆ ಕೂತವಳ ಮುಖದಲ್ಲಿ ಅದು ಗೊತ್ತಾಗುತ್ತದೆ. ಪ್ರತಿ ಫೋಟೋ ತೆಗೆದ ಕೂಡಲೇ ಕ್ಯಾಮೆರಾದ ಸುತ್ತ ಮುತ್ತಿಕೊಂಡು ನೋಡುವ ಚಟವೊಂದಿದೆ, ಅದನ್ನು ಬಿಡಿರಿ. ಉಂಡ ಮೇಲೆ ಎಲ್ಲರೂ ಒಟ್ಟಿಗೆ ಕೂತು ನೋಡಿದರಾಯಿತು.